ಮಂಗಳೂರಿಂದ ಕಾರವಾರದ ತನಕ ಕಾರಿನಲ್ಲಿ ಆರು ರಾತ್ರಿ: ಅವಸರವಿಲ್ಲದ ಪ್ಲಾನ್ ಹೇಳಿ

ನಿಧಾನ_ಸವಾರಿ ಕೇಳಿದ್ದು:

ಡಿಸೆಂಬರ್ ಎರಡನೇ ವಾರ ಬೆಂಗಳೂರಿನಿಂದ ಹೊರಟು ಕರಾವಳಿಗುಂಟ ಕಾರಿನಲ್ಲಿ ತಿರುಗಾಡಿ ಬರುವ ಯೋಚನೆ ಇದೆ. ನಾವಿಬ್ಬರು, ಎಂಟು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ. ಅತ್ತೆಗೆ ಮಂಡಿನೋವು. ಸಮತಟ್ಟು ನೆಲದಲ್ಲಾದರೆ ಅರ್ಧ ಕಿ.ಮೀ. ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅವರು ಸಸ್ಯಾಹಾರಿ, ಉಳಿದವರಿಗೆ ಮೀನು ಬೇಕೇ ಬೇಕು. ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್.

ಸದ್ಯಕ್ಕೆ ಹಾಕಿಕೊಂಡಿರುವುದು ಇಷ್ಟು: ಮೊದಲ ರಾತ್ರಿ ಮಂಗಳೂರು, ಆಮೇಲೆ ಉಡುಪಿ, ಕುಂದಾಪುರ, ಮುರುಡೇಶ್ವರ, ಗೋಕರ್ಣ, ಕಾರವಾರ, ಒಂದೊಂದು ರಾತ್ರಿ. ಏಳನೇ ದಿನ ವಾಪಸ್. ದಕ್ಷಿಣದಿಂದ ಉತ್ತರಕ್ಕೆ ಹೋಗುವುದೋ, ಉತ್ತರದಿಂದ ದಕ್ಷಿಣಕ್ಕೋ? ಯಾವ ಘಟ್ಟ ಇಳಿದು ಯಾವ ಘಟ್ಟ ಹತ್ತಬೇಕು? ಹೆದ್ದಾರಿಯಲ್ಲೇ ಹೋದರೆ ಕಡಲು ಕಾಣುತ್ತದೆಯೇ, ಇಲ್ಲ ಒಳರಸ್ತೆ ಹಿಡಿಯಬೇಕೇ? ಅತ್ತೆಗೆ ಆಗುವ ಜಾಗಗಳು ಯಾವುವು? ಲಿಸ್ಟಿನಲ್ಲಿರುವ ಜಾಗ ಎಲ್ಲ ನೋಡಲೇಬೇಕೆಂಬ ಹಟ ನಮಗಿಲ್ಲ.

ಅಳಿವೆಬಾಗಿಲು ಬರೆದದ್ದು:

ಆರು ರಾತ್ರಿಗೆ ಆರು ಊರಲ್ಲಿ ರೂಮು ಅಂದರೆ ಅದು ತಿರುಗಾಟ ಅಲ್ಲ ಮಾರಾಯ್ರೇ, ದಿನಾ ಮನೆ ಖಾಲಿ ಮಾಡುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ಒಂದು ಕಡೆ ಬಿಡಬೇಕು, ಮಧ್ಯಾಹ್ನ ಒಂದು ಗಂಟೆಯ ತನಕ ಇನ್ನೊಂದು ಕಡೆ ರೂಮು ಕೊಡುವುದಿಲ್ಲ. ಆ ಮೂರು ಗಂಟೆ ಸಾಮಾನು ತುಂಬಿದ ಕಾರಿನಲ್ಲಿ ಅತ್ತೆಯವರನ್ನು ಕೂರಿಸಿಕೊಂಡು ಸುತ್ತಬೇಕಾಗುತ್ತದೆ. ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಸುಮಾರು 270 ಕಿ.ಮೀ. ಅಷ್ಟೇ. ಎರಡು ಅಥವಾ ಮೂರು ಕಡೆ ಬೀಡು ಬಿಟ್ಟು, ಅಲ್ಲಿಂದ ಆಚೀಚೆ ಐವತ್ತು ಕಿ.ಮೀ. ಸುತ್ತಿದರೆ ಎಲ್ಲ ಒಳಗೇ ಬರುತ್ತದೆ. ನನ್ನ ಲೆಕ್ಕ: ಕಾಪು–ಮಲ್ಪೆ ನಡುವೆ ಎಲ್ಲಾದರೂ ಎರಡು ರಾತ್ರಿ, ಮುರುಡೇಶ್ವರ–ಹೊನ್ನಾವರ ನಡುವೆ ಎರಡು, ಗೋಕರ್ಣ ಕಡೆ ಎರಡು.

ದಿಕ್ಕು ದಕ್ಷಿಣದಿಂದ ಉತ್ತರಕ್ಕೇ ಇರಲಿ. ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಎಡಕ್ಕೆ. ನೀವು ಓಡಿಸುವ ಪಥವೂ ಎಡಕ್ಕೆ. ಬೀಚಿನ ರಸ್ತೆಗಳೆಲ್ಲ ಎಡತಿರುವಾಗಿ ಸಿಗುತ್ತವೆ, ನಾಲ್ಕು ಪಥದ ಹೆದ್ದಾರಿಯಲ್ಲಿ ಯೂಟರ್ನ್ ಹುಡುಕುವ ಕೆಲಸ ತೀರಾ ಕಡಿಮೆ. ಮರವಂತೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಕಡಲ ಬದಿಯ ಪಥ ಉತ್ತರಕ್ಕೆ ಹೋಗುವವರದು, ಸೌಪರ್ಣಿಕಾ ಹೊಳೆಯ ಬದಿಯದು ದಕ್ಷಿಣಕ್ಕೆ ಬರುವವರದು. ಅಲ್ಲಿ ಕಡಲು ನೋಡಿದ ಖುಷಿಯಲ್ಲಿ ಮಗುವಿನ ಕೈ ಹಿಡಿದು ಹೊಳೆ ನೋಡಲು ಡಿವೈಡರ್ ದಾಟುವವರನ್ನು ಕಾಣಬಹುದು, ಆ ಕೆಲಸ ಮಾತ್ರ ಬೇಡ. ಬಸ್ಸುಗಳು ಎಂಬತ್ತರಲ್ಲಿ ಬರುತ್ತವೆ. ಹೆದ್ದಾರಿ ಅಂಚಿಗೆ ನಿಲ್ಲಿಸುವ ಬದಲು ತ್ರಾಸಿ ಬದಿಯಲ್ಲಿ ಗಾಡಿ ಒಳಗೆ ಹಾಕಿ ನಿಲ್ಲಿಸಿ. ಅಲ್ಲಿ ನೀರಿಗೆ ಇಳಿಯುವಂತಿಲ್ಲ, ದಂಡೆ ಕಡಿದಾಗಿದೆ, ಸೆಳೆತ ಜಾಸ್ತಿ.

ಇನ್ನು ಹೆದ್ದಾರಿಯಿಂದ ಕಡಲು ಕಾಣುತ್ತದೆಯೇ ಎಂದರೆ, ಮರವಂತೆ, ಬೈಂದೂರು ದಾಟಿ ಒತ್ತಿನೆಣೆ ಆಸುಪಾಸು, ಆಮೇಲೆ ಅಂಕೋಲಾ–ಕಾರವಾರ ನಡುವೆ ಒಂದೆರಡು ಕಡೆ. ಉಳಿದದ್ದು ಅಂಗಡಿ, ಫ್ಲೈಓವರ್, ಸರ್ವಿಸ್ ರೋಡು. ಕಡಲು ಬೇಕಾದರೆ ಒಳರಸ್ತೆಯೇ ಗತಿ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ನಮ್ಮ ಕರಾವಳಿಯಲ್ಲಿ ಕಡಲ ಬದಿಯ ರಸ್ತೆ ಉದ್ದಕ್ಕೆ ಒಂದೇ ಸಮ ಹೋಗುವುದಿಲ್ಲ. ಹತ್ತು-ಹದಿನೈದು ಕಿ.ಮೀ.ಗೊಂದು ಹೊಳೆ ಬಂದು ಕಡಲು ಸೇರುತ್ತದೆ, ಅಳಿವೆಯ ಹತ್ತಿರ ಬಂದಾಗ ರಸ್ತೆ ಮುಗಿಯುತ್ತದೆ, ನೀವು ಮತ್ತೆ ಹೆದ್ದಾರಿಗೆ ಬಂದು ಸೇತುವೆ ದಾಟಬೇಕು. ಹಾಗಾಗಿ ಕರಾವಳಿಯನ್ನು ತುಂಡು ತುಂಡಾಗಿ ನೋಡಬೇಕು. ಹ್ಯಾಚ್‌ಬ್ಯಾಕ್‌ಗೆ ಚೆನ್ನಾಗಿ ಹೊಂದುವ ತುಂಡುಗಳು ಇವು.

ಹಳೆಯಂಗಡಿಯಲ್ಲಿ ಎಡಕ್ಕೆ ಹೊರಳಿದರೆ ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ಕಡಲು ಸೇರುವ ಜಾಗ, ಸರ್ಫಿಂಗ್ ಕಲಿಸುತ್ತಾರೆ. ಹೋದ ದಾರಿಯಲ್ಲೇ ವಾಪಸ್.

ಎರಡನೆಯದು ಕಾಪುವಿನಿಂದ ಮಟ್ಟು. ಇದು ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟದ ತುಂಡು. ಕಾಪು ದೀಪಸ್ತಂಭ 1901ರದ್ದು, ಬಂಡೆಯ ಮೇಲಿದೆ; ಮೇಲೆ ಹತ್ತಲು ಸಂಜೆ ಹೊತ್ತು ಮಾತ್ರ ಬಿಡುತ್ತಾರೆ. ಅತ್ತೆಯವರು ಕೆಳಗೆ ಮರಳಿನ ಅಂಚಲ್ಲಿ ಕೂರಬಹುದು. ಅಲ್ಲಿಂದ ಉತ್ತರಕ್ಕೆ ಕಡಲಿಗೆ ತಾಗಿಕೊಂಡೇ ಸಣ್ಣ ರಸ್ತೆ ಮಟ್ಟುವಿನ ತನಕ ಹೋಗುತ್ತದೆ. ಎದುರಿಂದ ಟೆಂಪೋ ಬಂದರೆ ಒಬ್ಬರು ಅಂಗಳಕ್ಕೆ ಇಳಿಸಿ ದಾರಿ ಕೊಡಬೇಕು, ಅಷ್ಟು ಅಗಲ. ಮಟ್ಟು ಗುಳ್ಳ ಎಂಬ ಬದನೆ ಬೆಳೆಯುವ ಗದ್ದೆಗಳು ಅಲ್ಲಿಯೇ. ಮಟ್ಟುವಿನಿಂದ ಸೇತುವೆ ದಾಟಿ ಕಟಪಾಡಿಯಲ್ಲಿ ಹೆದ್ದಾರಿ ಸೇರಿ.

ಮೂರನೆಯದು ಮಲ್ಪೆಯಿಂದ ಕೋಡಿಬೆಂಗ್ರೆ. ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ಹೊಳೆ, ನಡುವೆ ಒಂದು ರಸ್ತೆ, ಎರಡು ಸಾಲು ಮನೆ. ತುದಿಯಲ್ಲಿ ನಿಂತರೆ ಹಂಗಾರಕಟ್ಟೆ ಎದುರಿಗೇ ಕಾಣುತ್ತದೆ, ಆದರೆ ಕಾರು ದಾಟಿಸಲು ಸೇತುವೆ ಇಲ್ಲ. ಕೆಮ್ಮಣ್ಣು, ಸಂತೆಕಟ್ಟೆ ಮೇಲೆ ಸುತ್ತಿ ಬ್ರಹ್ಮಾವರಕ್ಕೆ ಬರಬೇಕು. ಸಂಜೆ ನಾಲ್ಕೂವರೆಗೆ ಒಳಗೆ ಹೋಗಿ, ಸೂರ್ಯ ಮುಳುಗಿದ ಕೂಡಲೇ ಹೊರಡಿ. ಡಿಸೆಂಬರಿನಲ್ಲಿ ಆರೂಕಾಲಿನ ಒಳಗೆ ಮುಳುಗಿಯಾಗುತ್ತದೆ, ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಎದುರು ಗಾಡಿಗೆ ದಾರಿ ಕೊಡುವುದು ರಗಳೆ.

ಅತ್ತೆಯವರಿಗೆ: ಮಲ್ಪೆಯ ಸೀ ವಾಕ್ (ಕಡಲಿಗೆ ಚಾಚಿದ ನಡಿಗೆದಾರಿ) ಸಮತಟ್ಟು, ಆರಾಮ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬೀಚಿನಲ್ಲಿ ಶೌಚಾಲಯ ಚೊಕ್ಕಟ. ಸೇಂಟ್ ಮೇರಿಸ್ ದ್ವೀಪ ಬೇಡ. ದೋಣಿ ಹತ್ತಿ ಇಳಿಯುವುದೂ ಕಷ್ಟ, ಅಲ್ಲಿ ನಡೆಯುವುದು ಬಂಡೆಯ ಮೇಲೆ. ಮಗಳಿಗೆ ಮಾತ್ರ ತಪ್ಪಿಸಬೇಡಿ, ಕಂಬ ಕಂಬವಾಗಿ ಒಡೆದ ಆ ಲಾವಾ ಕಲ್ಲು ದೇಶದಲ್ಲೇ ಅಪರೂಪ. ಒಬ್ಬರು ಅತ್ತೆಯವರ ಜೊತೆ ಉಳಿದು ಇನ್ನೊಬ್ಬರು ಬೆಳಗಿನ ಮೊದಲ ದೋಣಿಗೆ ಹೋಗಿಬನ್ನಿ, ಹನ್ನೊಂದರ ಮೇಲೆ ಅಲ್ಲಿ ನೆರಳಿಲ್ಲದೆ ಕಾಯುತ್ತದೆ. ಕೃಷ್ಣ ಮಠಕ್ಕೆ ರಾಜಾಂಗಣದ ಕಡೆಯ ಪಾರ್ಕಿಂಗಿನಲ್ಲಿ ಗಾಡಿ ಬಿಟ್ಟರೆ ರಥಬೀದಿ ಹತ್ತಿರ. ಗಂಡಸರು ಅಂಗಿ ತೆಗೆಯಬೇಕು.

ಘಟ್ಟದ_ಮೇಲಿನವ ಬರೆದದ್ದು:

ಘಟ್ಟದ ಮಾತು ನನಗಿರಲಿ. ಇಳಿಯಲು ಶಿರಾಡಿ. ಸಕಲೇಶಪುರ, ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ. ಲಾರಿ, ಟ್ಯಾಂಕರ್ ಹೆಚ್ಚು ನಿಜ, ಆದರೆ ತೀರಾ ಕಡಿದಾದ ತಿರುವು ಕಡಿಮೆ, ಹಿಂದೆ ಕೂತ ಮಗುವಿಗೆ ವಾಂತಿ ಆಗುವ ಸಂಭವವೂ ಕಡಿಮೆ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು; ನೋಟಕ್ಕೆ ಚೆಂದ, ಹೊಟ್ಟೆಗೆ ಅಲ್ಲ. ಬೆಂಗಳೂರು ಬೆಳಿಗ್ಗೆ ಐದೂವರೆಗೆ ಬಿಟ್ಟರೆ ಹತ್ತೂವರೆ-ಹನ್ನೊಂದಕ್ಕೆ ಸಕಲೇಶಪುರ ದಾಟಿ ಹಗಲಲ್ಲೇ ಇಳಿಯಬಹುದು. ಎರಡನೇ ಗೇರಿನಲ್ಲಿ ಇಳಿಸಿ, ಅಗತ್ಯ ಬಿದ್ದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಡಿ. ಇಳಿಜಾರಿನ ಉದ್ದಕ್ಕೂ ಕಾಲು ಪೆಡಲ್ ಮೇಲೇ ಇಟ್ಟರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ವಾಪಸಾತಿಯನ್ನು ನೀವು ಒಂದೇ ದಿನಕ್ಕೆ ಇಟ್ಟಿದ್ದೀರಿ. ಅಲ್ಲೇ ಪ್ಲಾನ್ ಮುರಿಯುವುದು. ಕಾರವಾರದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ 550 ಕಿ.ಮೀ.ಗೂ ಹೆಚ್ಚು. ಊಟ, ಅತ್ತೆಯವರಿಗೆ ಕಾಲು ಚಾಚಲು ನಿಲುಗಡೆ ಎಲ್ಲ ಸೇರಿ ಹನ್ನೆರಡು ಗಂಟೆ. ಆರನೇ ರಾತ್ರಿಯನ್ನು ವಾಪಸ್ ದಾರಿಗೇ ಕೊಡಿ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ. ಹೊನ್ನಾವರದಿಂದ ಜೋಗಕ್ಕೆ 60 ಕಿ.ಮೀ. ಚಿಲ್ಲರೆ. ಡಿಸೆಂಬರಿನಲ್ಲಿ ಜಲಪಾತದಲ್ಲಿ ನೀರು ತೆಳ್ಳಗಿರುತ್ತದೆ, ಅದಕ್ಕಾಗಿಯೇ ಹೋಗಬೇಡಿ. ದಾರಿಯಲ್ಲಿ ಶರಾವತಿ ಕಣಿವೆಯೇ ಸಾಕಷ್ಟು. ಸಾಗರದಲ್ಲೋ ಶಿವಮೊಗ್ಗದಲ್ಲೋ ರಾತ್ರಿ ಕಳೆದರೆ ಕೊನೆಯ ದಿನಕ್ಕೆ 300–375 ಕಿ.ಮೀ. ಮಾತ್ರ ಉಳಿಯುತ್ತದೆ.

ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟವೂ ಇದೆ, ಆದರೆ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ಸಂಚಾರ ನಿಲ್ಲಿಸಿದ್ದಾರೆ. ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟಣೆ ನೋಡಿಯೇ ತೀರ್ಮಾನಿಸಿ.

ಕಾಗಾಲದ_ಗಾಳಿ ಬರೆದದ್ದು:

ಅಳಿವೆಬಾಗಿಲು ಅವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮುರುಡೇಶ್ವರದ ಕಡೆ ಒಂದು ಬೀಡು, ಗೋಕರ್ಣಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮಾಡುವ ಅಗತ್ಯ ಇಲ್ಲ. ಹೊನ್ನಾವರದಿಂದ ಮುರುಡೇಶ್ವರ ದಕ್ಷಿಣಕ್ಕೆ 27 ಕಿ.ಮೀ., ಗೋಕರ್ಣ ಉತ್ತರಕ್ಕೆ ಸುಮಾರು 50. ಕಾಸರಕೋಡಿನಿಂದ ಕುಮಟಾ ತನಕ ಎಲ್ಲಿ ಉಳಿದರೂ ಮೂರು ರಾತ್ರಿಯಲ್ಲಿ ಎರಡೂ ಕಡೆ ಆಗುತ್ತದೆ. ಗೋಕರ್ಣದಲ್ಲಿ ಉಳಿಯುವುದು ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವವರಿಗೆ ಸರಿ. ಕೂಡ್ಲೆಗೂ ಓಂ ಬೀಚಿಗೂ ಗಾಡಿ ಮೇಲೆ ಬಿಟ್ಟು ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಕಾಲುದಾರಿ ಇಲ್ಲವೇ ದೋಣಿ. ಅತ್ತೆಯವರಿಗೆ ಉಳಿಯುವುದು ದೇವಸ್ಥಾನದ ಹಿಂದಿನ ಊರ ಕಡಲ ದಂಡೆ ಒಂದೇ. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರಿಗೆ ಪಂಚೆ ಬೇಕು, ಕಾರಲ್ಲೇ ಇಟ್ಟುಕೊಳ್ಳಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಹತ್ತರ ಒಳಗೆ ತಲುಪುವ ಹಾಗೆ ಹೊರಡಿ.

ಗೋಕರ್ಣಕ್ಕೆ ಹೋಗುವ ದಿನದ ಸರದಿ ಹೀಗಿರಲಿ: ಬೆಳಿಗ್ಗೆ ದರ್ಶನ, ಆಮೇಲೆ ಮಾದನಗೇರಿ ಕ್ರಾಸಿನತ್ತ ವಾಪಸ್ ಬರುವಾಗ ಸಾಣಿಕಟ್ಟೆಯ ಉಪ್ಪಿನ ಆಗರ ರಸ್ತೆ ಬದಿಗೇ ಸಿಗುತ್ತದೆ. ಡಿಸೆಂಬರಿನಲ್ಲಿ ಪಾತಿಗಳ ಕೆಲಸ ಶುರುವಿನ ಹಂತ, ಉಪ್ಪಿನ ರಾಶಿ ಬೇಸಿಗೆಯಲ್ಲಿ. ಹೆದ್ದಾರಿಗೆ ಬಂದು ಸ್ವಲ್ಪವೇ ದಕ್ಷಿಣಕ್ಕೆ ಮಿರ್ಜಾನ ಕೋಟೆ. ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ, ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಹೋದ ಜಾಗ. ಜಂಬಿಟ್ಟಿಗೆ ಗೋಡೆ, ಒಳಗೆ ಹುಲ್ಲುಹಾಸು. ಸಂಜೆ ನಾಲ್ಕರ ಬೆಳಕಿನಲ್ಲಿ ಹೋಗಿ, ಮಧ್ಯಾಹ್ನ ಕಲ್ಲು ಕಾದಿರುತ್ತದೆ.

ಇನ್ನೊಂದು ದಿನ ಕಾಸರಕೋಡು. ಬ್ಲೂ ಫ್ಲ್ಯಾಗ್ ಬೀಚು ಇಲ್ಲಿಯೂ ಇದೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ನಡಿಗೆದಾರಿ, ಮೆಟ್ಟಿಲ ತಾಪತ್ರಯ ಕಡಿಮೆ. ಹೊನ್ನಾವರದ ಹಿನ್ನೀರಿನಲ್ಲಿ ದೋಣಿ ವಿಹಾರವೂ ಸಿಗುತ್ತದೆ. ಇದಕ್ಕೆ ಉಬ್ಬರದ ಹೊತ್ತು ನೋಡಿ ಹೋಗಬೇಕು. ಇಳಿತದಲ್ಲಿ ಕಾಂಡ್ಲಾ ಬೇರಿನ ನಡುವೆ ಬರೀ ಕೆಸರು, ದೋಣಿ ಸಣ್ಣ ಕವಲಿಗೆ ನುಗ್ಗುವುದಿಲ್ಲ, ಹಣ ಕೊಟ್ಟು ದೊಡ್ಡ ಹೊಳೆಯಲ್ಲೇ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ದಿನಕ್ಕೆ ಎರಡು ಉಬ್ಬರ, ನಡುವೆ ಸುಮಾರು ಹನ್ನೆರಡೂವರೆ ಗಂಟೆ, ಪ್ರತಿ ದಿನ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಫೋನಿನಲ್ಲಿ ಕಾರವಾರ ಅಥವಾ ಮಂಗಳೂರು ಬಂದರಿನ ವೇಳೆ ಹಾಕಿ ನೋಡಿದರೆ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಉಬ್ಬರ ದೊಡ್ಡದು, ಇಳಿತವೂ ಹಾಗೆಯೇ.

ಅಳಿವೆಯ ಹತ್ತಿರ ಮಗುವನ್ನು ನೀರಿಗೆ ಬಿಡಬೇಡಿ, ಅದರಲ್ಲೂ ಇಳಿತದಲ್ಲಿ. ಮೇಲೆ ಶಾಂತವಾಗಿ ಕಾಣುತ್ತದೆ, ಆದರೆ ಹೊಳೆಯ ನೀರೂ ಇಳಿತದ ನೀರೂ ಕೂಡಿ ಕಡಲಿಗೆ ಎಳೆಯುತ್ತವೆ. ಉಳಿದ ಬೀಚುಗಳಲ್ಲಿ, ಅಲೆ ಒಡೆಯುವ ಬಿಳಿ ಸಾಲಿನ ನಡುವೆ ಎಲ್ಲಿ ಅಲೆಯೇ ಒಡೆಯದೆ ನೀರು ಕಪ್ಪಾಗಿ ಚಪ್ಪಟೆಯಾಗಿ ಕಾಣುತ್ತದೋ ಅಲ್ಲೇ ಸೆಳೆತ ಇರುವುದು. ಹೊಸಬರು ಅಲೆ ಕಡಿಮೆ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ಅಲೆಯ ಜೊತೆ ಬನ್ನಿ. ಜೀವರಕ್ಷಕರು ಬಾವುಟ ಹಾಕಿದ ಜಾಗ ಬಿಟ್ಟು ಬೇರೆ ಎಲ್ಲೂ ಮೊಣಕಾಲಿನ ಮೇಲೆ ನೀರು ಬೇಡ.

ಮುರುಡೇಶ್ವರದಲ್ಲಿ ರಾಜಗೋಪುರಕ್ಕೆ ಲಿಫ್ಟ್ ಇದೆ, ಅತ್ತೆಯವರು ಆರಾಮಾಗಿ ಮೇಲೆ ಹೋಗಿ 123 ಅಡಿಯ ಶಿವನನ್ನೂ ಕಡಲನ್ನೂ ಒಟ್ಟಿಗೆ ನೋಡಬಹುದು. ಶನಿವಾರ, ಭಾನುವಾರ ಲಿಫ್ಟಿನ ಸಾಲೇ ಗಂಟೆಗಟ್ಟಲೆ. ವಾರದ ನಡುವೆ ಹೋಗಿ. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೊರಡುವುದೂ ಅಲ್ಲಿಂದಲೇ. ಎಂಟು ವರ್ಷದ ಮಗುವನ್ನು ಕಡಲಲ್ಲಿ ಇಳಿಸುವುದಿಲ್ಲ, ಸಾಮಾನ್ಯವಾಗಿ ಹತ್ತು ತುಂಬಿರಬೇಕು. ದೊಡ್ಡವರು ಮಾಡುವುದಾದರೆ ಅದೇ ದಿನ ಘಟ್ಟ ಹತ್ತುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು, ಎತ್ತರಕ್ಕೆ ಹೋದರೆ ಗುಳ್ಳೆ ಕಟ್ಟುವ ಅಪಾಯ. ನಡುವೆ ಒಂದು ರಾತ್ರಿ ಕಳೆಯಲಿ.

ಮ್ಯಾಪ್ ನಂಬುವ ಮೊದಲು ಇಷ್ಟು ನೋಡಿಕೊಳ್ಳಿ. ಕಾಸರಕೋಡು ಎಂದು ಹೊಡೆದರೆ ಕೇರಳದ ಕಾಸರಗೋಡಿಗೆ ಎಳೆದೊಯ್ಯಬಹುದು. ಹೊನ್ನಾವರ ಸೇರಿಸಿ ಹುಡುಕಿ. ಸೋಮೇಶ್ವರ ಬೀಚು ಉಳ್ಳಾಲದಲ್ಲೂ ಇದೆ, ಬೈಂದೂರಿನಲ್ಲೂ ಇದೆ. ಶಿರೂರು ಎಂದರೆ ಬೈಂದೂರು ಕಡೆಯ ಟೋಲ್ ಇರುವ ಊರು ಒಂದು, 2024ರ ಜುಲೈ 16ರಂದು ಗುಡ್ಡ ಕುಸಿದ ಅಂಕೋಲಾ ತಾಲೂಕಿನ ಶಿರೂರು ಇನ್ನೊಂದು. ಗಂಗೊಳ್ಳಿ ಕುಂದಾಪುರದ್ದು, ಗಂಗಾವಳಿ ಗೋಕರ್ಣದ್ದು. ಎಲ್ಲಕ್ಕಿಂತ ದೊಡ್ಡ ಗುಂಡಿ ತದಡಿ: ಕುಮಟಾದಿಂದ ಅಘನಾಶಿನಿ ಊರಿನ ಮೇಲೆ ಗೋಕರ್ಣಕ್ಕೆ ಹತ್ತಿರದ ದಾರಿ ಎಂದು ಮ್ಯಾಪ್ ತೋರಿಸಿದರೆ, ನಡುವೆ ಹೊಳೆ ಇದೆ, ಜನ ಮತ್ತು ಬೈಕು ದಾಟಿಸುವ ದೋಣಿ ಮಾತ್ರ. ಕಾರಿಗೆ ಮೂವತ್ತೈದು-ನಲವತ್ತು ಕಿ.ಮೀ. ಸುತ್ತು.

ಹುಬ್ಬಳ್ಳಿ_ಗ್ಯಾರೇಜ್ ಬರೆದದ್ದು:

ಜಾಗದ ಮಾತು ಮ್ಯಾಲಿನವ್ರು ಹೇಳ್ಯಾರ, ನಾನು ಗಾಡಿ ಕಡೆ ಬರ್ತೀನಿ.

ಟೋಲ್ ಮೊದಲು. ಮಂಗಳೂರಿಂದ ಉತ್ತರಕ್ಕೆ ಹೆಜಮಾಡಿ, ಸಾಸ್ತಾನದ ಗುಂಡ್ಮಿ, ಶಿರೂರು, ಹೊಳೆಗದ್ದೆ, ಅಂಕೋಲಾ ದಾಟಿದ ಮ್ಯಾಲೆ ಹಟ್ಟಿಕೇರಿ. ಸುರತ್ಕಲ್‌ದು 2022ರ ಡಿಸೆಂಬರಿನಲ್ಲಿ ತೆಗೆದರು. ಹೊನ್ನಾವರದಾಗ ಉಳಿದು ಗೋಕರ್ಣಕ್ಕೆ ಹೋಗಿಬಂದರ ಹೊಳೆಗದ್ದೆ ಎರಡು ಸಲ ಬರುತ್ತದ. 24 ತಾಸಿನ ಒಳಗ ವಾಪಸ್ ಬಂದರ ಒಟ್ಟು ಒಂದೂವರೆ ಪಟ್ಟು, ಅದನ್ನ ಫಾಸ್ಟ್‌ಟ್ಯಾಗೇ ಲೆಕ್ಕ ಹಾಕುತ್ತದ. ಟ್ಯಾಗಿನ ವರ್ಷದ ಪಾಸ್ ಈ ಒಂದು ಟೂರಿಗೆ ಅಂತ ತಗೊಳ್ಳಬ್ಯಾಡ್ರಿ, ಬೆಂಗಳೂರಿಂದ ಮೇಲಿಂದ ಮೇಲೆ ಹೆದ್ದಾರಿ ಹಿಡಿಯೋರಿಗಷ್ಟೇ ಅದು ಲಾಭ. ಟ್ಯಾಗಿನ ಕೆವೈಸಿ ಸರಿ ಐತೋ ಇಲ್ಲೋ ಮನ್ಯಾಗ ನೋಡಿಕೊಂಡು ಹೊರಡ್ರಿ. ಟ್ಯಾಗ್ ನಡೀಲಿಲ್ಲ ಅಂದ್ರ ಯುಪಿಐಗೆ ಒಂದೂಕಾಲು ಪಟ್ಟು.

ಮರಳಿನ ಮ್ಯಾಲೆ ಗಾಡಿ ಇಳಿಸೋದು ಬ್ಯಾಡ. ಪೊಲೀಸರು ಹಿಡಿಯೋದು ಇರಲಿ, ಹ್ಯಾಚ್‌ಬ್ಯಾಕ್ ಮುಂದಿನ ಗಾಲಿಯಿಂದ ಎಳೆಯುತ್ತದ, ಎಂಜಿನ್ ಭಾರವೂ ಅಲ್ಲೇ. ಒಂದು ಸಲ ಗಾಲಿ ತಿರುಗಿದರ ಹೊಟ್ಟೆ ತನಕ ಹೂಳುತ್ತದ. ಪಾರ್ಕಿಂಗ್ ಅಂಚಿನ್ಯಾಗ ಹೂತರೂ ಆಕ್ಸಿಲರೇಟರ್ ಒತ್ತಬ್ಯಾಡ್ರಿ. ಎಲ್ಲಾರೂ ಇಳೀರಿ, ಗಾಲಿ ಮುಂದಿನ ಹಿಂದಿನ ಮರಳು ಕೈಲೆ ತೆಗೀರಿ, ಮುಂದಿನ ಎರಡು ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸ್ರಿ, ಕಾಲೊರೆಸುವ ಮ್ಯಾಟ್ ಗಾಲಿ ಕೆಳಗೆ ತುರುಕಿ, ಬಂದ ಜಾಡಿನ್ಯಾಗೇ ರಿವರ್ಸ್ ಗೇರಿನಲ್ಲಿ ಮೆಲ್ಲಕ ಹಿಂದಕ್ಕ ತಗೀರಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಬೇಕು, ಕಡಿಮೆ ಗಾಳಿಯಾಗ ಜೋರು ಓಡಿಸಿದರ ಟೈರಿನ ಪಕ್ಕಗೋಡೆ ಕಾದು ಹರಿಯುತ್ತದ. ಅದಕ್ಕ 12 ವೋಲ್ಟಿನ ಸಣ್ಣ ಪಂಪು ಡಿಕ್ಕಿಯಾಗ ಇರಲಿ.

ಉಪ್ಪುಗಾಳಿ: ರಾತ್ರಿ ಕಡಲ ಹತ್ರ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಂಡು ಬೆಳಿಗ್ಗೆ ಗಾಡಿ ಕದಲೂದಿಲ್ಲ. ಸಮ ನೆಲದಾಗ ಮೊದಲನೇ ಗೇರು ಹಾಕಿ, ಗಾಲಿಗೆ ಕಲ್ಲು ಇಟ್ಟು ಬಿಡ್ರಿ. ಡಿಸ್ಕ್ ಮ್ಯಾಲೆ ಬೆಳಿಗ್ಗೆ ಕೆಂಪು ತುಕ್ಕು ಕಂಡರ ಹೆದರಬ್ಯಾಡ್ರಿ, ನಾಲ್ಕು ಸಲ ಬ್ರೇಕ್ ಒತ್ತಿದರ ಹೋಗುತ್ತದ. ಗಾಜಿನ ಮ್ಯಾಲೆ ಉಪ್ಪಿನ ಪದರ ಕೂತಿರುತ್ತದ, ಒಣ ವೈಪರ್ ಹಾಕಿದರ ಸಂಜೆ ಎದುರು ಬಿಸಿಲಿಗೆ ಏನೂ ಕಾಣೂದಿಲ್ಲ. ಮೊದಲು ನೀರು ಸುರಿದು ಒರೆಸ್ರಿ. ಮನಿಗೆ ಬಂದು ಎರಡು ದಿನದೊಳಗ ಗಾಡಿ ಕೆಳಭಾಗ ಸಿಹಿನೀರಿನ ಪ್ರೆಷರಿನಲ್ಲಿ ತೊಳೆಸ್ರಿ. ಹಾಂ, ತೆಂಗಿನಮರದ ಕೆಳಗೆ ನೆರಳು ಅಂತ ನಿಲ್ಲಿಸಬ್ಯಾಡ್ರಿ. ಕಾಯಿ ಬಿದ್ದರ ಗಾಜು ಹೋತು, ಮಡಲು ಬಿದ್ದರ ಬಾನೆಟ್ ಹೋತು.

ಹೆದ್ದಾರಿಯಾಗ ಮೀನಿನ ಲಾರಿ ಹಿಂದೆ ಹತ್ತಿರ ಹೋಗಬ್ಯಾಡ್ರಿ. ಐಸ್ ಕರಗಿದ ನೀರು ಸುರಿಸಿಕೊಂತ ಹೋಗುತ್ತದ, ಎಣ್ಣೆ ಜಿಡ್ಡು ಬೇರೆ, ಬ್ರೇಕ್ ಒತ್ತಿದರ ಜಾರುತ್ತದ, ಗಾಜಿನ ಮ್ಯಾಲೆ ಸಿಡಿದರ ವಾಸನೆ ದಿನಗಟ್ಟಲೆ. ಡಿವೈಡರ್ ತೆರಪಿನ್ಯಾಗ ಎದುರು ದಿಕ್ಕಿನಿಂದ ಬೈಕು ಬರೋದು ಇಲ್ಲಿ ಮಾಮೂಲು. ರಾತ್ರಿ ದನ ಬೆಚ್ಚಗಿನ ಡಾಂಬರಿನ ಮ್ಯಾಲೆ ಮಲಗಿರ್ತಾವ. ಏಳರ ಮ್ಯಾಲೆ ಓಡಿಸದ ಹಾಗೆ ದಿನದ ಲೆಕ್ಕ ಇಟ್ಟುಕೊಳ್ರಿ, ಸರಾಸರಿ ತಾಸಿಗೆ 45 ಕಿ.ಮೀ. ಅಂತ ಹಿಡೀರಿ.

ಬೈತಖೋಲ್ ಬರೆದದ್ದು:

ಕಾರವಾರವನ್ನು ಎಲ್ಲರೂ ಸೇರಿ ಬಿಡಿಸಿಬಿಟ್ಟಿರಲ್ಲ! ಸಹ್ಯಾದ್ರಿ ನೇರ ಕಡಲಿಗೆ ಬಂದು ನಿಲ್ಲುವುದು ಅಂಕೋಲಾದಿಂದ ಈಚೆಗೆ ಮಾತ್ರ. ಅದನ್ನು ನೋಡದೆ ಕರಾವಳಿ ಸುತ್ತಿದ್ದೇವೆ ಎಂದರೆ ಅರ್ಧ ಮಾತು. ಟ್ಯಾಗೋರ್ ಹೆಸರಿನ ಬೀಚು ಊರ ನಡುವೆಯೇ ಇದೆ, ಸಮತಟ್ಟು, ಪಕ್ಕದಲ್ಲೇ ಐಎನ್‌ಎಸ್ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ. ಮಗಳಿಗೆ ಇಷ್ಟವಾಗುತ್ತದೆ, ಅತ್ತೆಯವರು ಹೊರಗೆ ಬೆಂಚಿನಲ್ಲಿ ಕೂರಬಹುದು, ಒಳಗೆ ಏಣಿ ಮೆಟ್ಟಿಲು ಕಡಿದು. ಅರ್ಗಾ, ಬಿಣಗಾ ಕಡೆ ನೌಕಾನೆಲೆಯ ಗೋಡೆ ಉದ್ದಕ್ಕೂ ಇದೆ, ಅಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಡಿ, ಡ್ರೋನ್ ಅಂತೂ ಡಿಕ್ಕಿಯಿಂದ ಹೊರಗೇ ಬೇಡ. ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಹೋಗುವುದಾದರೆ ನೆನಪಿಡಿ, 2024ರ ಆಗಸ್ಟ್ 7ರಂದು ಹಳೆ ಸೇತುವೆ ಕುಸಿದ ಮೇಲೆ ಉಳಿದ ಸೇತುವೆಗೆ ಎರಡೂ ಕಡೆಯ ವಾಹನಗಳ ಭಾರ ಬಿದ್ದಿದೆ.

ಆಯ್ಕೆ ಸುಲಭ. ಗೇರುಸೊಪ್ಪೆ ಹತ್ತುವುದಾದರೆ ಕಾರವಾರ ಬಿಡಿ. ಹೊನ್ನಾವರದಿಂದ 90 ಕಿ.ಮೀ. ಬಂದು ಮತ್ತೆ 90 ಹಿಂದೆ ಹೋಗುವುದು ಅವಸರವಿಲ್ಲದ ಪ್ರವಾಸದ ಲಕ್ಷಣ ಅಲ್ಲ. ಅರಬೈಲ್ ಹತ್ತುವುದಾದರೆ ಎರಡನೇ ಬೀಡಿನ ಒಂದು ರಾತ್ರಿ ಕಡಿಮೆ ಮಾಡಿ ಕಾರವಾರಕ್ಕೆ ಕೊಡಿ, ಆರನೇ ರಾತ್ರಿ ಹುಬ್ಬಳ್ಳಿಯಲ್ಲಿ ಕಳೆಯಿರಿ. ಕಾರವಾರದಿಂದ ಅಂಕೋಲಾ ತಿರುವು 35 ಕಿ.ಮೀ. ಹಿಂದಕ್ಕೆ ಅಷ್ಟೇ.

ನಿಧಾನ_ಸವಾರಿ:

ಎಲ್ಲರಿಗೂ ಧನ್ಯವಾದ. ಗೇರುಸೊಪ್ಪೆ ದಾರಿಯನ್ನೇ ಹಿಡಿಯುತ್ತೇವೆ, ಕಾರವಾರ ಇನ್ನೊಮ್ಮೆ. ಮಲ್ಪೆ ಕಡೆ ಎರಡು, ಹೊನ್ನಾವರ ಕಡೆ ಮೂರು, ಸಾಗರದಲ್ಲಿ ಒಂದು. ಹೋಂಸ್ಟೇ ಬುಕ್ ಮಾಡುವಾಗ ಏನು ಕೇಳಬೇಕು? ಊಟದ ವಿಷಯವೂ ಸ್ವಲ್ಪ ಹೇಳಿ, ಒಂದೇ ಮೇಜಿನಲ್ಲಿ ಸಸ್ಯಾಹಾರ, ಮೀನು ಎರಡೂ ಆಗಬೇಕು.

ಅಳಿವೆಬಾಗಿಲು:

ಫೋನ್ ಮಾಡಿಯೇ ಕೇಳಿ, ಆ್ಯಪ್‌ನ ಫೋಟೋ ನಂಬಬೇಡಿ. ರೂಮು ನೆಲಮಹಡಿಯಲ್ಲಿದೆಯೇ, ಪಾಶ್ಚಾತ್ಯ ಶೌಚಾಲಯ ಇದೆಯೇ, ಹೊಸ್ತಿಲು ಎಷ್ಟು ಎತ್ತರ, ಕಾರು ಅಂಗಳದ ತನಕ ಬರುತ್ತದೆಯೇ ಅಥವಾ ಗದ್ದೆ ಬದಿಯಲ್ಲಿ ಬಿಟ್ಟು ನಡೆಯಬೇಕೇ, ಬಾವಿ ನೀರು ಸಿಹಿಯೋ ಉಪ್ಪೋ, ಕರೆಂಟು ಹೋದರೆ ಫ್ಯಾನಿಗೆ ಇನ್ವರ್ಟರ್ ಇದೆಯೇ. ಕಡಲಿಗೆ ಎಷ್ಟು ದೂರ ಎಂದರೆ ಎಲ್ಲರೂ ಐದು ನಿಮಿಷ ಅನ್ನುತ್ತಾರೆ, ಮರಳಲ್ಲಿ ಎಷ್ಟು ನಡೆಯಬೇಕು ಎಂದು ಬಿಡಿಸಿ ಕೇಳಿ. ಎರಡನೇ ವಾರ ಪರವಾಗಿಲ್ಲ, ಡಿಸೆಂಬರ್ 20ರ ಮೇಲೆ ಜಾರಿದರೆ ದರ ಏರುತ್ತದೆ, ರೂಮೂ ಸಿಗುವುದಿಲ್ಲ.

ಮೀನೂಟ ಮಧ್ಯಾಹ್ನದ್ದು. ಹನ್ನೆರಡೂವರೆಯಿಂದ ಎರಡರ ಒಳಗೆ ಕೂರಿ, ಆಮೇಲೆ ಒಳ್ಳೆಯ ಮೀನು ಮುಗಿದಿರುತ್ತದೆ. ಹೋಂಸ್ಟೇಯಲ್ಲಾದರೆ ಹಿಂದಿನ ರಾತ್ರಿಯೇ ಹೇಳಬೇಕು, ಅವರು ಬೆಳಿಗ್ಗೆ ಹೋಗಿ ತರುತ್ತಾರೆ. ಇಂಥದ್ದೇ ಬೇಕು ಎನ್ನಬೇಡಿ, ಅವತ್ತು ಬಂದದ್ದರಲ್ಲಿ ತಾಜಾ ಯಾವುದೋ ಅದೇ ಇರಲಿ ಎನ್ನಿ. ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ ಮಗಳಿಗೆ ಖಾರ ಆಗಬಹುದು, ನೀರ್ ದೋಸೆ ಜೊತೆಗಿರಲಿ. ಅಂಜಲ್ (ಸುರ್ಮಾಯಿ) ಮೀನು ಕೇಳುವ ಮೊದಲು ದರ ಕೇಳಿ, ತುಂಡಿನ ಲೆಕ್ಕದಲ್ಲಿ ಬಿಲ್ಲು ಬರುತ್ತದೆ.

ಕಾಗಾಲದ_ಗಾಳಿ:

ಅತ್ತೆಯವರಿಗೆ ನಮ್ಮ ಕಡೆ ಚಿಂತೆ ಇಲ್ಲ. ಹವ್ಯಕರ ಮನೆಯ ಹೋಂಸ್ಟೇ ಸಿಕ್ಕಿದರೆ ತಂಬುಳಿ, ಅಪ್ಪೆಹುಳಿ, ಬಿಸಿ ಅನ್ನ, ತೊಡೆದೇವು. ಆದರೆ ಆ ಮನೆಗಳಲ್ಲಿ ಮೀನು ಬೇಯಿಸುವುದೂ ಇಲ್ಲ, ಹೊರಗಿನಿಂದ ತಂದು ತಿನ್ನಲೂ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಹೊನ್ನಾವರ, ಕುಮಟಾದ ಮೀನು ಹೋಟೆಲಿನಲ್ಲಿ ಸಸ್ಯಾಹಾರಿ ಊಟವೂ ಇರುತ್ತದೆ, ಅಡುಗೆಮನೆ ಒಂದೇ. ಅವರಿಗೆ ಅದು ಆಗದಿದ್ದರೆ ಸುಲಭ ಉಪಾಯ: ಮೊದಲು ಅವರ ಊಟ ಸಸ್ಯಾಹಾರಿ ಹೋಟೆಲಿನಲ್ಲಿ ಮುಗಿಸಿ, ರೂಮಿಗೆ ಬಿಟ್ಟು ಮಲಗಿಸಿ, ನೀವು ಒಂದೂವರೆಗೆ ಮೀನಿಗೆ ಹೋಗಿ. ಹೇಗೂ ಎರಡರಿಂದ ನಾಲ್ಕರ ತನಕ ಬಿಸಿಲಲ್ಲಿ ಕಡಲ ಕಡೆ ಯಾರೂ ಹೋಗುವುದಿಲ್ಲ.